ಬಿಸಿಲು ಕಂಡ ಕಲ್ಲು

ಒಂಬತ್ತನೇ ಇಯತ್ತೆಯ ಮಕ್ಕಳು ಸ್ಮಾರಕ ಕಟ್ಟಲೇಬೇಕು ಎಂಬ ನಿಯಮ ಬಂದು ಆರು ವರ್ಷವಾಯಿತು. ಗಣಿತಕ್ಕೆ ನೂರು ಅಂಕ, ವಿಜ್ಞಾನಕ್ಕೆ ನೂರು, ಸ್ಮಾರಕಕ್ಕೆ ಐವತ್ತು. ಊರಲ್ಲಿ ಹಿಂದೆ ನಡೆದದ್ದು ಯಾವುದೇ ಇರಲಿ, ಕೆರೆ ಒಡೆದದ್ದು, ಪ್ಲೇಗು ಬಂದದ್ದು, ಶಾಲೆಗೆ ಮೊದಲ ಹುಡುಗಿ ಸೇರಿದ್ದು, ಅದನ್ನು ಮಕ್ಕಳೇ ಹುಡುಕಿ ತೆಗೆದು ಕಲ್ಲಿನಲ್ಲೋ ಕಬ್ಬಿಣದಲ್ಲೋ ಒಂದು ಗುರುತು ನಿಲ್ಲಿಸಬೇಕು. ಮೊದಲ ಎರಡು ವರ್ಷ ಎಲ್ಲ ಊರಲ್ಲೂ ಹುಲಿ ಕೊಂದ ವೀರರೇ ಎದ್ದು ನಿಂತರು. ಹುಲಿಯ ಮುಖವನ್ನೇ ನೋಡದ ಊರಲ್ಲೂ. ಕೊನೆಗೆ ಸ್ಮರಣ ಮಂಡಳಿ ಎಂಬುದೊಂದು ಹುಟ್ಟಿತು. ಕಲ್ಲಿನ ಮೇಲೆ ಬರೆಯುವ ಪ್ರತಿ ಮಾತಿಗೂ ಪುರಾವೆ ಬೇಕು ಎಂದು ಅದು ಕಟ್ಟು ಮಾಡಿತು. ಪುರಾವೆ ಅಂದರೆ ಎರಡೇ: ಸರಕಾರದ ದಾಖಲೆ, ಇಲ್ಲವೇ ನೆರಳೋದುಗದ ಚಿತ್ರ. ಬಾಯಿಮಾತು ನಡೆಯುವುದಿಲ್ಲ.

ನೆರಳೋದುಗ ಎಂಬ ಯಂತ್ರದಲ್ಲಿ ಮಾಟಮಂತ್ರವೇನಿಲ್ಲ. ನಾನು ಏಳನೆಯದಕ್ಕೆ ಶಾಲೆ ಬಿಟ್ಟವನು. ನನಗೇ ತಿಳಿದಿದೆ ಅಂದಮೇಲೆ ಯಾರಿಗಾದರೂ ತಿಳಿಯುತ್ತದೆ. ನಮ್ಮ ಕಡೆಯ ಕೆಂಪು ಗ್ರಾನೈಟಿನಲ್ಲಿ ಬೆಣಚಿನ ಹರಳು ಇರುತ್ತದೆ. ಮಣ್ಣಿನಲ್ಲೂ ಕಲ್ಲಿನಲ್ಲೂ ಹುಟ್ಟಿನಿಂದಲೇ ಇರುವ ಅಷ್ಟಿಷ್ಟು ವಿಕಿರಣ ಆ ಹರಳಿನೊಳಗೆ ಶಕ್ತಿ ತುಂಬುತ್ತ ಹೋಗುತ್ತದೆ, ತೊಟ್ಟಿಕ್ಕುವ ನಲ್ಲಿಯ ಕೆಳಗೆ ಕೊಡ ಇಟ್ಟ ಹಾಗೆ. ಬಿಸಿಲು ಬಿತ್ತೋ, ಕೊಡ ಖಾಲಿ. ಈಗ ಒಂದು ಚಪ್ಪಡಿ ಬಿಸಿಲಿಗೆ ಬಿದ್ದಿದೆ, ಅದರ ಮೇಲೆ ಒಬ್ಬ ಮನುಷ್ಯನ ನೆರಳಿದೆ ಎನ್ನಿ. ನೆರಳಿದ್ದಷ್ಟು ಜಾಗದಲ್ಲಿ ಕೊಡ ಪೂರ್ತಿ ಖಾಲಿಯಾಗುವುದಿಲ್ಲ. ಆ ಗಳಿಗೆಯಲ್ಲೇ ಮಣ್ಣು ಕುಸಿದು ಕಲ್ಲು ಕತ್ತಲೆಗೆ ಹೋದರೆ ಆ ವ್ಯತ್ಯಾಸ ನೂರು ವರ್ಷವಾದರೂ ಹಾಗೇ ಉಳಿಯುತ್ತದೆ. ಯಂತ್ರ ಅದರ ಮೇಲೆ ಹಸಿರು ಬೆಳಕು ಬಿಡುತ್ತದೆ, ಹರಳು ಕಾರುವ ಮಿಣುಕನ್ನು ಎಣಿಸಿ ಚಿತ್ರ ಮಾಡುತ್ತದೆ. ಒಮ್ಮೆ ಓದಿದರೆ ಮುಗಿಯಿತು, ಎರಡನೇ ಸಲ ಓದಲು ಕಲ್ಲಿನಲ್ಲಿ ಏನೂ ಉಳಿದಿರುವುದಿಲ್ಲ. ಓದುವ ಮೊದಲೇ ಕಲ್ಲು ಬಿಸಿಲು ಕಂಡರೂ ಅಷ್ಟೇ.

ನಮ್ಮೂರು ಹುಲ್ಲಮುರಡಿ. ಊರ ಪಡುವಲಿಗೆ ಕರಿಹಳ್ಳ ಹರಿಯುತ್ತದೆ. ಕಾಲುವೆಯ ನೀರನ್ನು ಹಳ್ಳದ ಮೇಲಿಂದ ದಾಟಿಸಲು ಕಟ್ಟಿದ ಉದ್ದನೆಯ ಕಲ್ಲಿನ ಸೇತುವೆ ಅಲ್ಲಿದೆ. ಎಪ್ಪತ್ತೆರಡು ವರ್ಷದ ಹಿಂದೆ ಅದನ್ನು ಕಟ್ಟುವಾಗ, ಒಂದು ಮಧ್ಯಾಹ್ನ, ದಂಡೆಯ ಮಣ್ಣು ಕುಸಿದು ಕೆಲಸಗಾರರ ಮೇಲೆ ಬಿತ್ತು. ಹೆಣಗಳನ್ನು ರಾತ್ರಿಯ ಕತ್ತಲಲ್ಲೇ ಎಳೆದು ತೆಗೆದು, ಹೂತ ಕಲ್ಲುಗಳನ್ನು ಅಲ್ಲೇ ಬಿಟ್ಟು ಮಣ್ಣು ಮುಚ್ಚಿದರು. ಸರಕಾರದ ವರದಿಯಲ್ಲಿ ಸತ್ತವರು ಏಳು, ಎಲ್ಲರೂ ಗಂಡಸರು. ನಮ್ಮವ್ವ ದ್ಯಾಮವ್ವನ ಲೆಕ್ಕದಲ್ಲಿ ಒಂಬತ್ತು. ಎಂಟನೆಯವಳು ಅವಳ ತಾಯಿ ಗಂಗವ್ವ. ಒಂಬತ್ತನೆಯದು ಗಂಗವ್ವನ ಎರಡು ತಿಂಗಳ ಕೂಸು, ಇನ್ನೂ ಹೆಸರಿಟ್ಟಿರಲಿಲ್ಲ.

ಆಗ ಜೋಡಿ ಹಾಜರಿ ಎಂಬುದಿತ್ತು. ಗಂಡ ಹೆಂಡತಿ ಇಬ್ಬರೂ ದುಡಿದರೂ ಹಾಜರಿ ಪುಸ್ತಕದಲ್ಲಿ ಗಂಡನ ಹೆಸರೊಂದೇ. ಪುಸ್ತಕದಲ್ಲಿ ಇಲ್ಲದವಳು ಅಲ್ಲಿ ಹೇಗೆ ಸಾಯುತ್ತಾಳೆ ಎಂದು ಗುತ್ತಿಗೆದಾರನ ಕಡೆಯವರು ಕೇಳಿದರು. ಗಂಗವ್ವ ಜ್ವರ ಬಂದು ಗುಡಿಸಲಿನಲ್ಲಿ ಸತ್ತಳು ಎಂದು ಕಾಗದ ಬರೆಸಿದರು. ಮೇಲಿನ ಕಲ್ಲು ಕ್ವಾರಿಯಲ್ಲಿದ್ದ ನನ್ನ ಅಜ್ಜ ಬಂದು ಅದಕ್ಕೆ ಹೆಬ್ಬೆಟ್ಟು ಒತ್ತಿದ. ಒತ್ತದಿದ್ದರೆ ಮರುದಿನ ಕೆಲಸವಿಲ್ಲ. ಅಜ್ಜನನ್ನು ನಾನು ಬಹಳ ವರ್ಷ ಮನಸ್ಸಿನಲ್ಲೇ ಬೈದಿದ್ದೇನೆ. ಈಗ ಬಿಟ್ಟಿದ್ದೇನೆ.

ಈ ವರ್ಷ ನನ್ನ ಮಗಳು ಚಂಪಾ ಒಂಬತ್ತನೇ ಇಯತ್ತೆ. ಅವಳೂ ಅವಳ ಜೊತೆಯವರೂ ಕರಿಹಳ್ಳದ ಸೇತುವೆಯನ್ನೇ ಆರಿಸಿಕೊಂಡರು. ಇತಿಹಾಸ ಕಲಿಸುವ ಶಹನಾಜ್ ಅಕ್ಕೋರು ಒಂದು ಭಾನುವಾರ ನಮ್ಮ ಮನೆಗೆ ಬಂದರು. ನಾನು ಅಂಗಳದಲ್ಲಿ ಒರಳು ಕಡೆಯುತ್ತಿದ್ದೆ.

"ಯಮನೂರಪ್ಪ ಅಣ್ಣಾರ, ಹಳ್ಳದಾಗ ಹೂತು ಹೋದ ಕಲ್ಲು ಎತ್ತಿ ಕೊಡಬೇಕಲ್ರಿ. ಮಕ್ಕಳ ಕೈಲೆ ಆಗೂ ಕೆಲಸಲ್ಲ ಅದು."

"ಜೆಸಿಬಿ ಕರೀರಿ."

"ಜೆಸಿಬಿ ಒಡದ ಹಾಕ್ತದ. ನಿಮ್ಮಷ್ಟು ಕಲ್ಲಿನ ಮರ್ಜಿ ತಿಳದೋರು ಈ ಸುತ್ತಿನಾಗ ಯಾರದಾರ?"

ಹೊಗಳಿಕೆಗೆ ನಾನು ಬಗ್ಗುವವನಲ್ಲ. ಆದರೆ ಅವ್ವ ಒಳಗಿನಿಂದ ಎದ್ದು ಬಾಗಿಲಿಗೆ ಬಂದಿದ್ದಳು. ಅವಳಿಗೆ ಎಪ್ಪತ್ತೊಂಬತ್ತು. ಕಿವಿ ಮಾತ್ರ ಇನ್ನೂ ಚುರುಕು.

"ಯಾ ಹಳ್ಳ?" ಅಂದಳು.

"ಕರಿಹಳ್ಳರಿ ಅಜ್ಜಿ. ಸತ್ತೋರ ಹೆಸರ ಕಲ್ಲಿನ ಮ್ಯಾಲ ಬರಸ್ತೀವಿ."

"ಎಷ್ಟ ಮಂದಿದು?"

ಅಕ್ಕೋರು "ಪುರಾವೆ ಇದ್ದದ್ದು ಏಳು ಮಂದೀದ ಅದರಿ" ಅಂದರು.

"ಜ್ವರ ಬಂದು ಸತ್ಲು ಅಂತ ಬರದಾರಲ್ಲ," ಅಂದಳು ಅವ್ವ, "ನಮ್ಮವ್ವಗ ಒಂದ ದಿನಾನೂ ಜ್ವರ ಬಂದಿದ್ದಿಲ್ಲ."

ಅಷ್ಟು ಹೇಳಿ ಒಳಗೆ ಹೋದಳು. ನಾನು ಉಳಿ ಕೆಳಗಿಟ್ಟು ಬರುತ್ತೇನೆ ಅಂದೆ. ಏಳಕ್ಕೆ ಎಂಟನೆಯದನ್ನು ಸೇರಿಸದೆ ಆ ಹಳ್ಳದಿಂದ ಮೇಲೆ ಬರುವುದಿಲ್ಲ ಎಂದು ಆ ಹೊತ್ತಿಗೇ ತೀರ್ಮಾನ ಮಾಡಿದ್ದೆ.

ಮಂಡಳಿಯಿಂದ ಗಿರೀಶ ಪಟ್ಟಣಶೆಟ್ಟಿ ಎಂಬ ಪರಿಶೀಲಕ ವ್ಯಾನಿನಲ್ಲಿ ಯಂತ್ರ ತಂದ. ಮೂವತ್ತರ ಆಸುಪಾಸಿನವನು, ಯಾರ ಮೇಲೂ ದನಿ ಏರಿಸದವನು. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಂದವನೇ ಒಂದು ಕ್ಯಾಮೆರಾ ನಿಲ್ಲಿಸಿದ. ಅಗೆತದಿಂದ ಓದುವವರೆಗೆ ಎಲ್ಲವೂ ಅದರಲ್ಲಿ ದಾಖಲಾಗಬೇಕಂತೆ. ಅದೂ ನಿಯಮ.

ಕೆಲಸ ಮಾಡುವ ಬಗೆ ಹೀಗೆ. ಅಗೆಯುವ ಜಾಗಕ್ಕೆ ಕರಿ ತಾಡಪಾಲಿನ ಡೇರೆ. ಒಳಗೆ ಕೆಂಪು ದೀಪ ಮಾತ್ರ, ಆ ಬೆಳಕಿಗೆ ಹರಳು ಅಲುಗುವುದಿಲ್ಲ. ಮಣ್ಣು ಬಿಡಿಸಿದ ಕಲ್ಲಿಗೆ ಡೇರೆಯೊಳಗೇ ಮೂರು ಸುತ್ತು ಕರಿ ಬಟ್ಟೆ ಬಿಗಿದು, ಸರಪಳಿ ರಾಟೆಯಲ್ಲಿ ಎತ್ತಿ, ಇಪ್ಪತ್ತು ಹೆಜ್ಜೆ ಆಚೆಗಿರುವ ವ್ಯಾನಿನೊಳಗೆ ಇಳಿಸಬೇಕು. ನಾನೂ ನನ್ನ ತಮ್ಮ ಫಕೀರಪ್ಪನೂ ಮೊದಲ ಚಪ್ಪಡಿಯನ್ನು ಎರಡು ದಿನದಲ್ಲಿ ಎತ್ತಿದೆವು. ಅದಕ್ಕೆ ಕೂದಲೆಳೆಯಷ್ಟು ಪೆಟ್ಟಾಗಲಿಲ್ಲ.

ಓದುವಾಗ ವ್ಯಾನಿನೊಳಗೆ ಗಿರೀಶ, ಅಕ್ಕೋರು, ನಾನು, ಚಂಪಾ, ಅವಳ ತರಗತಿಯ ಮೌಲಾಲಿ. ಉಳಿದ ಮಕ್ಕಳು ಹೊರಗೆ ಪರದೆಯ ಮುಂದೆ ಕೂತಿದ್ದರು. ಯಂತ್ರದ ತಲೆ ಕಲ್ಲಿನ ಮೇಲೆ ನೂಲಿನಷ್ಟು ನೂಲಿನಷ್ಟೇ ಸರಿಯಿತು. ಮುಕ್ಕಾಲು ಗಂಟೆಯಲ್ಲಿ ಪರದೆಯ ಮೇಲೆ ಬೂದು ಬಣ್ಣದ ಆಕಾರ ಮೂಡಿತು. ಮೊದಲು ನಾಲ್ಕು ಕಾಲು. ಆಮೇಲೆ ದುಂಡನೆಯ ಕೊಡೆ. ಕೊಡೆಯ ಕೆಳಗೆ ಕುರ್ಚಿ, ಅದರ ಮೇಲೆ ಕಾಲ ಮೇಲೆ ಕಾಲು ಹಾಕಿದ ಒಬ್ಬ ದಪ್ಪ ಆಸಾಮಿ. ಬೇರೆ ಯಾರೂ ಇಲ್ಲ.

"ಮೇಸ್ತ್ರಿ ಇರಬೇಕು," ಅಂದ ಗಿರೀಶ. "ಬಾಳ ಚೊಲೋ ಬಂದದ. ಇಷ್ಟು ಸ್ವಚ್ಛ ಚಿತ್ರ ನಾ ನೋಡಿದ್ದ ಕಡಿಮಿ."

"ಉಳಿದೋರು ಎಲ್ಲಿ ಅದಾರ್ರೀ ಸರ್?" ಕೇಳಿದಳು ಚಂಪಾ. "ಅವತ್ತ ನೂರಾ ನಲವತ್ತು ಮಂದಿ ಕೆಲಸಕ್ಕಿದ್ರು ಅಂತ ವರದಿಯೊಳಗ ಐತಿ."

"ನೆರಳು ಹತ್ತಬೇಕಂದ್ರ ಕಾಲು ತಾಸರ ಒಂದ ಕಡೆ ಇರಬೇಕವ್ವ. ಸರಿದಾಡೋರದು ಹತ್ತೂದಿಲ್ಲ."

"ಹಂಗಾದ್ರ ಬುಟ್ಟಿ ಹೊತ್ತೋರದು?"

"ಇಲ್ಲ."

"ಕಲ್ಲ ಒಡದೋರದು?"

"ಕೈ ಆಡಿಸ್ತಾರಲ್ಲ. ಮಸಕ ಮಸಕ ಬರಬಹುದು."

ನನಗೆ ತಡೆಯಲಾಗಲಿಲ್ಲ. "ಬೇಷಾತು. ದುಡದೋರು ಹೋದ್ರು, ಕುರ್ಚಿ ಮ್ಯಾಲಿನಾವ ಇನ್ನೂ ಕುಂತಾನ. ಇದನ್ನ ನೋಡಾಕ ನಾ ಎರಡ ದಿನ ಬೆನ್ನ ಮುರಕೊಂಡೆನೇನು?"

"ಕಾಕಾ, ಕುರ್ಚಿಗೆ ಸ್ಮಾರಕ ಕಟ್ಟಿಬಿಡೋಣು," ಅಂದ ಮೌಲಾಲಿ. "ಪುರಾವೆ ಗಟ್ಟಿ ಐತಿ. ಐವತ್ತಕ್ಕ ಐವತ್ತು ಬರ್ತಾವು."

ಅಕ್ಕೋರು ಅವನ ತಲೆಗೆ ಮೊಟಕಿದರು. ಆದರೆ ಅವರೂ ನಗಲಿಲ್ಲ, ಅವನೂ ನಗಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಚಂಪಾ ಅಜ್ಜಿಗೆ ಎಲ್ಲ ಹೇಳಿದಳು. ನನ್ನ ಹೆಂಡತಿ ಶಿವಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. ಅವ್ವ ಮುದ್ದಿಪಲ್ಯ ಕಲೆಸುತ್ತ ಕೂತಿದ್ದವಳು, "ಸರಿದಾಡೋರದು ಹತ್ತೂದಿಲ್ಲ ಅಂದ್ರ, ಕುಂತೋರದು ಹತ್ತತೈತೇನ?" ಅಂದಳು.

"ಹೂನಜ್ಜಿ. ಕಾಲು ತಾಸು ಕುಂತಿರಬೇಕು."

"ನಮ್ಮವ್ವ ಕುಂತಿದ್ಲು."

ಐವತ್ತು ವರ್ಷದಲ್ಲಿ ಆ ದಿನದ ಬಗ್ಗೆ ಅವಳು ನನಗೆ ಇಷ್ಟು ಹೇಳಿದ್ದು ಅದೇ ಮೊದಲು. ಮೂರು ಗಳ ಹೂಡಿ, ಹಳೆ ಸೀರೆಯಲ್ಲಿ ಕೂಸಿನ ಜೋಳಿಗೆ ಕಟ್ಟಿದ್ದರಂತೆ. ಕೂಸು ಅಳುವುದು ನಿಲ್ಲಿಸಲಿಲ್ಲ. ಗಂಗವ್ವ ಬುಟ್ಟಿ ಇಳಿಸಿ, ಕಟ್ಟಲು ಇಟ್ಟಿದ್ದ ಚಪ್ಪಡಿಯ ಅಂಚಿಗೆ ಕೂತು ಮೊಲೆಗೆ ಹಾಕಿಕೊಂಡಳು. ಏಳು ವರ್ಷದ ದ್ಯಾಮವ್ವನಿಗೆ ಹಳ್ಳಕ್ಕೆ ಹೋಗಿ ನೀರು ತಾ ಅಂದಳು. ದ್ಯಾಮವ್ವ ಹೋದಳು, ಅಲ್ಲಿ ಕಪ್ಪೆಮರಿ ಹಿಡಿಯುತ್ತ ಹೊತ್ತು ಕಳೆದಳು.

"ತಡಾ ಮಾಡಿದೆ," ಅಂದಳು ಅವ್ವ. "ಅಂದ್ರ ಆಕಿ ಬಾಳ ಹೊತ್ತು ಕುಂತಿರಬೇಕು. ಬುಟ್ಟಿ ಹೊರೂ ಹೆಂಗಸರು ಅವತ್ತ ಓಡಿ ಪಾರಾದ್ರು. ಆಕಿ ಕುಂತಿದ್ದಕ್ಕ ಸತ್ಲು."

"ಯಾ ಕಲ್ಲಂತ ಗೊತ್ತೈತೇನಬೇ?" ಅಂದೆ.

"ಮೂರನೇ ಕಂಬದ ಬಡಗಣ ಬಾಜೂ. ಮೂಲ್ಯಾಗ ಒಂದ ತೂತ ಕೊರದಿದ್ರು. ಆ ತೂತಿನ್ಯಾಗ ಗಳ ಇಟ್ಟಿದ್ಲು, ಜಾರಬಾರದಂತ."

ಮರುದಿನ ಅಕ್ಕೋರು ಗಿರೀಶನನ್ನು ಕೇಳಿದರು. ಆ ಕಲ್ಲಿನ ಮೇಲೆ ಮೂರು ಗಳದ ನೆರಳೂ ಕೂತ ಹೆಂಗಸಿನ ನೆರಳೂ ಬಂದರೆ ಏನು ಮಾಡುತ್ತೀರಿ? ಅವನು ನಿಯಮದ ಹಾಳೆ ತಿರುವಿದ. ಹಾಗೆ ಬಂದರೆ ಜ್ವರದ ಕಾಗದ ಬಿದ್ದು ಹೋಗುತ್ತದೆ, ದ್ಯಾಮವ್ವನ ಹೇಳಿಕೆಯನ್ನು ಚಿತ್ರದ ಜೊತೆ ಸೇರಿಸಬಹುದು, ಗಂಗವ್ವನ ಹೆಸರು ಸತ್ತವರ ಪಟ್ಟಿಗೆ ಸೇರುತ್ತದೆ ಅಂದ. ಮನಸ್ಸಿನಿಂದಲೇ ಹೇಳಿದ, ಅದನ್ನು ಒಪ್ಪಬೇಕು.

ಕಲ್ಲು ಸಿಕ್ಕಿತು. ಎಂಟು ಅಡಿ ಮಣ್ಣಿನ ಕೆಳಗೆ, ಅವ್ವ ಹೇಳಿದ ಜಾಗದಲ್ಲೇ, ಮೂಲೆಯಲ್ಲಿ ತೂತು. ಆ ತೂತಿಗೆ ಬೆರಳು ಹಾಕಿ ನೋಡಿದೆ. ಡೇರೆಯೊಳಗೇ ಬಟ್ಟೆ ಸುತ್ತಿದೆವು. ಮಧ್ಯಾಹ್ನ ಹನ್ನೆರಡೂವರೆಗೆ ಸರಪಳಿ ಹಾಕಿ ಎತ್ತಿದೆವು. ಅವ್ವನನ್ನು ಫಕೀರಪ್ಪನ ಗಾಡಿಯಲ್ಲಿ ಕರೆತಂದು ಜಾಲಿಮರದ ಕೆಳಗೆ ಕೂರಿಸಿದ್ದರು.

ಇಲ್ಲಿ ನಮ್ಮ ಮನೆತನದ ಒಂದು ಪದ್ಧತಿ ಹೇಳಬೇಕು. ನೆಲದೊಳಗಿಂದ ಎದ್ದ ಕಲ್ಲಿಗೆ ಮೊದಲು ನೀರು ಗೊಜ್ಜಿ ಬಿಸಿಲು ತೋರಿಸಬೇಕು. ಇದು ದೇವರ ಕೆಲಸವೂ ಹೌದು, ಹೊಟ್ಟೆಯ ಕೆಲಸವೂ ಹೌದು. ಕಲ್ಲಿನೊಳಗೆ ಕಣ್ಣಿಗೆ ಕಾಣದ ಸೀಳಿದ್ದರೆ ಮೈಯೆಲ್ಲ ಒಣಗಿದರೂ ಆ ಸೀಳು ಮಾತ್ರ ಹಸಿ ಗೆರೆಯಾಗಿ ನಿಲ್ಲುತ್ತದೆ. ನೋಡದೆ ಉಳಿ ಇಟ್ಟರೆ ಕಲ್ಲು ಎರಡಾಗಿ ಕಾಲ ಮೇಲೆ ಬೀಳುತ್ತದೆ. ನಮ್ಮಪ್ಪ ನನಗೆ ಅಕ್ಷರ ಕಲಿಸಲಿಲ್ಲ, ಇದನ್ನು ಕಲಿಸಿದ. ಏಳನೇ ವಯಸ್ಸಿನಿಂದ ಈ ಕೈ ಅದನ್ನು ಸಾವಿರ ಸಲ ಮಾಡಿದೆ.

ಚಪ್ಪಡಿ ಡೇರೆಯಿಂದ ಹೊರಗೆ ಬಂದು ವ್ಯಾನಿಗೆ ಹತ್ತು ಹೆಜ್ಜೆ ಇದ್ದಾಗ ರಾಟೆಯ ಒಂದು ಕೊಂಡಿ ಜಾರಿತು. ಕಲ್ಲು ಒಂದು ಬದಿಗೆ ಗೇಣುದ್ದ ಕುಸಿದು ಮರದ ದಿಮ್ಮಿಗೆ ಬಡಿಯಿತು. ಟಕ್ ಎಂದಿತು. ಕಲ್ಲು ಕೆಲಸದವನಿಗೆ ಆ ಸದ್ದು ಗೊತ್ತು. ಗಟ್ಟಿ ಕಲ್ಲು ಹಾಗೆ ಅನ್ನುವುದಿಲ್ಲ.

"ಸೀಳಿತು," ಅಂದೆ.

ಅದರ ಮೇಲೆ ನನ್ನ ತಲೆಯಲ್ಲಿ ಬೇರೆ ಯಾವುದೂ ಉಳಿಯಲಿಲ್ಲ. ಬಟ್ಟೆಯ ಗಂಟು ಬಿಚ್ಚಿ ಎಳೆದೆ. ಮಕ್ಕಳು ಕೈ ತೊಳೆಯಲು ಇಟ್ಟಿದ್ದ ಕೊಡದ ನೀರನ್ನು ಕಲ್ಲಿನ ಮೇಲೆ ಗೊಜ್ಜಿದೆ. ಸರಪಳಿ ತಿರುವಿ ಅದರ ಮುಖವನ್ನು ಸೂರ್ಯನಿಗೆ ಹಿಡಿದೆ. ಯಾರೋ ಕೂಗಿದರು. ಗಿರೀಶ ಬಟ್ಟೆ ಹಿಡಿದು ಓಡಿ ಬಂದ, ಅವನನ್ನು ಮೊಣಕೈಯಿಂದ ತಳ್ಳಿದೆ.

"ಸುಮ್ಕಿರ್ರಿ. ಕಲ್ಲು ಸೀಳೈತೇನ ನೋಡಾಕತ್ತೀನಿ. ನಿಮಗೇನ ತಿಳೀತೈತಿ ಇದರಾಗ?"

"ಯಮನೂರಪ್ಪನವರ, ಬಿಸಿಲು," ಅಂದರು ಅಕ್ಕೋರು.

"ಬಿಸಿಲಿಗೇ ಹಿಡೀಬೇಕ್ರಿ ಇದನ್ನ, ನಿಮಗ ಗೊತ್ತಿಲ್ಲ, ನೀವ ಆಕಡೆ ಸರೀರಿ."

ಚಂಪಾ ನನ್ನ ಅಂಗಿ ಎಳೆಯುತ್ತಿದ್ದಳು. ಅವಳಿಗೂ ಗದರಿದೆ. ಮಾರ್ಚ್ ತಿಂಗಳ ಬಿಸಿಲು, ಕಲ್ಲು ಎರಡೇ ನಿಮಿಷದಲ್ಲಿ ಒಣಗಿತು. ಅಂಚಿನಿಂದ ಅಂಚಿಗೆ ನೋಡಿದೆ. ಹಸಿ ಗೆರೆ ಎಲ್ಲೂ ಇರಲಿಲ್ಲ. ಸದ್ದು ಬಂದದ್ದು ದಿಮ್ಮಿಯಿಂದ.

"ಸೀಳಿಲ್ಲ," ಅಂದು ತಿರುಗಿದೆ. ಮಗಳ ಮುಖ ನೋಡಿದ ಮೇಲೆ ನನಗೆ ತಿಳಿಯಿತು.

ಆದರೂ ಕಲ್ಲನ್ನು ವ್ಯಾನಿಗೆ ಇಳಿಸಿದೆವು. ಯಂತ್ರ ಮುಕ್ಕಾಲು ಗಂಟೆ ಓಡಿತು. ಪರದೆ ಅಂಚಿನಿಂದ ಅಂಚಿಗೆ ಒಂದೇ ಬಿಳುಪು, ಸುಣ್ಣ ಹೊಡೆದ ಗೋಡೆಯ ಹಾಗೆ. ಗಿರೀಶ ಎರಡು ಸಲ ಬೇರೆ ಬೇರೆ ಲೆಕ್ಕ ಹಾಕಿ ನೋಡಿದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. "ಚಿತ್ರ ಇಲ್ಲ" ಎಂದು ಬರೆದು ಸಹಿ ಮಾಡಿದ.

ಜಾಲಿಮರದ ಕೆಳಗೆ ಹೋಗಿ ಅವ್ವನಿಗೆ ನಾನೇ ಹೇಳಿದೆ. ಬೇರೆಯವರ ಬಾಯಿಂದ ಕೇಳಬಾರದೆಂದು.

"ನೀರ ಹಾಕಿದಿ?" ಅಂದಳು.

"ಹಾಕಿದೆ."

"ಒಣಗೂ ತನಕ ಹಿಡದಿ?"

"ಹಿಡದೆ."

"ಸೀಳಿತ್ತೇನ?"

"ಇಲ್ಲಬೇ."

"ಹಂಗಾರ ಕಲ್ಲು ಚೊಲೋ ಐತಿ," ಅಂದು ಆಚೆ ಕಡೆ ಮುಖ ತಿರುಗಿಸಿದಳು. ಆಮೇಲೆ ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ತಾಟು ಕೊಟ್ಟರೆ ತಗೊಳ್ಳುತ್ತಿದ್ದಳು, ಉಣ್ಣುತ್ತಿದ್ದಳು. ಚಂಪಾ ಜೊತೆ ಮಾತಾಡುತ್ತಿದ್ದಳು. ನನಗೆ ಮಾತ್ರ ನಾನು ಮನೆಯಲ್ಲಿ ಇಲ್ಲದವನ ಹಾಗೆ. ಶಿವಕ್ಕ ಸಹ, "ಆ ಮಗಾ ಅಂಗಿ ಎಳದ್ರೂ ತಿಳೀಲಿಲ್ಲೇನ್ರಿ" ಎಂದು ಒಂದೇ ಸಲ ಕೇಳಿ ಬಿಟ್ಟಳು. ತಿಳಿಯಲಿಲ್ಲ.

ಐದನೇ ದಿನ ಶಾಲೆಯಿಂದ ಕರೆ ಬಂತು. ಸ್ಮಾರಕದ ನಕ್ಷೆ ತಯಾರಾಗಿದೆ, ಕಲ್ಲು ಕಡೆಯುವವರು ಬಂದು ನೋಡಬೇಕು. ಹೋದೆ. ತರಗತಿಯಲ್ಲಿ ಇಪ್ಪತ್ತಾರು ಮಕ್ಕಳು. ಏಳು ಹೆಸರಿನ ಸಣ್ಣ ಕಲ್ಲೊಂದು ಪಕ್ಕಕ್ಕೆ ಇರುತ್ತದೆ. ನಡುವೆ, ಮಲಗಿಸಿದ ಹಾಗೆ, ನಾನು ಕೆಡಿಸಿದ ಅದೇ ಚಪ್ಪಡಿ. ಅದರ ಮೇಲೆ ಕೆತ್ತುವ ಮಾತನ್ನು ಚಂಪಾ ಹಲಗೆಯ ಮೇಲೆ ಬರೆದಿದ್ದಳು:

"ಹುಲ್ಲಮುರಡಿಯ ಗಂಗವ್ವನ ಮಗಳು ದ್ಯಾಮವ್ವ, ದ್ಯಾಮವ್ವನ ಮಗ ಯಮನೂರಪ್ಪ. ಈ ಕಲ್ಲನ್ನು ಓದುವ ಮೊದಲೇ ಬಿಸಿಲಿಗೆ ಹಿಡಿದು ಬರಿದು ಮಾಡಿದವನು ಇವನು. ಇದರ ಮೇಲೆ ಏನಿತ್ತೆಂದು ಇನ್ನು ಯಾರೂ ತೋರಿಸಲಾರರು."

ಓದಿ ನಾನು ಹಲಗೆಯ ಹತ್ತಿರಕ್ಕೇ ಹೋದೆ.

"ಇದೇನಿದು? ಊರ ಮುಂದ ನನ್ನ ಮಾನ ಕಳಿಯೂ ಸ್ಮಾರಕೇನಿದು? ನನ್ನ ಕೈಲೇ ಕೆತ್ತಸ್ತೀರೇನ ಇದನ್ನ? ನಾಳೆ ಯಾರರ ನನಗ ಒಂದ ಹೊಸ್ತಲ ಕಲ್ಲರ ಎತ್ತಾಕ ಕರೀತಾರೇನು?"

ಹಿಂದಿನ ಬೆಂಚಿನವರು ತಲೆ ತಗ್ಗಿಸಿದರು. ಚಂಪಾ ತಗ್ಗಿಸಲಿಲ್ಲ. ಅವಳ ಸ್ವಭಾವ ನನ್ನದೇ.

"ಯಪ್ಪಾ, ನಿನ್ನ ಮಾನ ಕಳ್ಯಾಕಲ್ಲ. ಪುರಾವೆ ಇರೂದು ಅದಕ್ಕ ಅಷ್ಟ."

"ಏನ ಹಂಗಂದ್ರ?"

"ಮುತ್ತಜ್ಜಿ ಗಂಗವ್ವ ಅಲ್ಲಿ ಸತ್ಲು ಅಂತ ಬರದ್ರ ಪುರಾವೆ ಕೇಳ್ತಾರ. ಇಲ್ಲ. ಅಲ್ಲಿ ಕೆಲಸ ಮಾಡಿದ್ಲು ಅಂತ ಬರದ್ರೂ ಇಲ್ಲ. ಆದ್ರ ನೀ ಕಲ್ಲ ಬಿಸಿಲಿಗೆ ಹಿಡದದ್ದು ಸಾಹೇಬ್ರ ಕ್ಯಾಮೆರಾದಾಗ ಐತಿ. ಯಾರೂ ಇಲ್ಲನ್ನೂಹಂಗಿಲ್ಲ. ಹಿಡದಾವ ಯಾರು ಅಂತ ಬರೀಬೇಕಲ್ಲ? ನೀ ಯಾರ ಮಗ? ದ್ಯಾಮವ್ವನ ಮಗ. ದ್ಯಾಮವ್ವ ಯಾರ ಮಗಳು?"

ಅಕ್ಕೋರು ಮೇಜಿನಿಂದ ಒಂದು ಕಾಗದ ಎತ್ತಿ ತೋರಿಸಿದರು. ಹಳೆ ಮನೆಯ ಜಾಗ ನಮ್ಮ ಹೆಸರಿಗೆ ಮಾಡಿಸುವಾಗ ತಲಾಟಿ ಕೊಟ್ಟಿದ್ದ ವಂಶವೃಕ್ಷ. ಶಿವಕ್ಕನ ಟ್ರಂಕಿನಲ್ಲಿ ಇದ್ದದ್ದನ್ನು ಚಂಪಾ ತಂದಿದ್ದಳು. ಮೇಲಿನ ಸಾಲಿನಲ್ಲಿ ಗಂಗವ್ವ, ಕೆಳಗೆ ದ್ಯಾಮವ್ವ, ಅದರ ಕೆಳಗೆ ನಾನೂ ಫಕೀರಪ್ಪನೂ. ಸರಕಾರದ ಮೊಹರು.

"ನಿಮ್ಮ ಒಪ್ಪಿಗಿ ಇಲ್ಲದ ನಾವು ಏನೂ ಬರಿಯೂದಿಲ್ಲ," ಅಂದರು ಅಕ್ಕೋರು. "ಮಕ್ಕಳಿಗೆ ಅದನ್ನ ಮೊದಲ ಹೇಳೀನಿ. ನೀವು ಬ್ಯಾಡ ಅಂದ್ರ ಏಳು ಹೆಸರಿನ ಕಲ್ಲೊಂದ ನಿಲ್ಲಸ್ತೀವಿ."

ನಾನು ಬೇಡ ಅಂದು ಹೊರಟು ಬಂದೆ. ದಾರಿಯುದ್ದಕ್ಕೂ ಬೈದುಕೊಳ್ಳುತ್ತ ಬಂದೆ. ಮೂವತ್ತೈದು ವರ್ಷ ಕಲ್ಲು ಕೆಲಸ ಮಾಡಿದ್ದೇನೆ. ಇಳಕಲ್ಲಿನ ತನಕ ನನ್ನ ಹೆಸರು ಹೇಳಿದರೆ ಕೆಲಸ ಸಿಗುತ್ತದೆ. ಕಾಗದದ ಮೇಲೆ ಬರೆದರೆ ಗೆದ್ದಲು ತಿನ್ನುತ್ತದೆ. ಗ್ರಾನೈಟಿನ ಮೇಲೆ ಬರೆದದ್ದು ನನ್ನ ಮೊಮ್ಮಕ್ಕಳ ಮೊಮ್ಮಕ್ಕಳೂ ಓದುತ್ತಾರೆ: ಇವನೇ ಕೆಡಿಸಿದವನು.

ಮನೆಗೆ ಬಂದು ಅಂಗಳದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವ್ವ ಬಾಗಿಲಿಗೆ ಬಂದಳು. ಚಂಪಾ ಅವಳಿಗೆ ಮೊದಲೇ ಹೇಳಿದ್ದಳೆಂದು ಕಾಣುತ್ತದೆ.

"ಯಮನೂರಿ," ಅಂದಳು. ಐದು ದಿನದ ಮೇಲೆ ಮೊದಲ ಮಾತು. "ಆ ಬರಿಯೂದರಾಗ ಯಾರ ಹೆಸರ ಮೊದಲ ಐತಿ?"

"ನಿಮ್ಮವ್ವಂದು."

"ನಿಂದು?"

"ನಿಂದಾದ ಮ್ಯಾಲ."

"ನಮ್ಮಪ್ಪ ಹೆಬ್ಬಟ್ಟ ಒತ್ತಿದಾಗ ಆಕಿ ಹೆಸರ ಹೋತು, ಕೆಲಸ ಉಳೀತು," ಅಂದಳು. "ಈಗ ನೀ ನೋಡು."

ಅಷ್ಟೇ. ಒಳಗೆ ಹೋದಳು. ಅವಳು ಅತ್ತಿದ್ದರೆ, ಕೈ ಹಿಡಿದು ಬೇಡಿದ್ದರೆ ನಾನು ಇನ್ನೂ ಎರಡು ದಿನ ಹಟ ಮಾಡುತ್ತಿದ್ದೆನೋ ಏನೋ. ಸಣ್ಣ ಉಳಿಗಳನ್ನು ಸಾಣೆ ಹಿಡಿಯಲು ಕೂತೆ.

ಕೆತ್ತಲು ಒಂಬತ್ತು ದಿನ ಹಿಡಿಯಿತು. ಮಕ್ಕಳು ಪಾಳಿಯಂತೆ ಬಂದು ಅಕ್ಷರದ ಗೆರೆ ಎಳೆದುಕೊಟ್ಟರು, ಪುಡಿ ಗುಡಿಸಿದರು. ನನ್ನ ಹೆಸರಿನ ಯಕಾರವನ್ನು ಮೌಲಾಲಿಯೇ ಕೆತ್ತುತ್ತೇನೆ ಅಂದ. ಕೊಟ್ಟೆ. ಸೊಟ್ಟ ಮಾಡಿದ.

"ಕಾಕಾ, ಕೆಟ್ಟೋತು."

"ಇರ್ಲಿ ಬಿಡೋ. ನಾ ಅದಕ್ಕಿಂತ ದೊಡ್ಡದ ಕೆಡಿಸೀನಿ."

ಒಪ್ಪಿಗೆ ಕೊಡುವ ದಿನ ಗಿರೀಶ ಬಂದ. ಒಂದೊಂದೇ ಪದದ ಮೇಲೆ ಬೆರಳಿಟ್ಟು ಪುರಾವೆ ಕೇಳುತ್ತ ಹೋದ. ಹುಲ್ಲಮುರಡಿ: ಪಂಚಾಯಿತಿ ದಾಖಲೆ. ಬಿಸಿಲಿಗೆ ಹಿಡಿದದ್ದು: ಅವನದೇ ಕ್ಯಾಮೆರಾ. ಬರಿದು: ಅವನದೇ ಸಹಿ. ಗಂಗವ್ವ ಅನ್ನುವಲ್ಲಿ ಬೆರಳು ನಿಂತಿತು. ಅಕ್ಕೋರು ವಂಶವೃಕ್ಷ ಕೊಟ್ಟರು. ಅವನು ಅದನ್ನು ಬಹಳ ಹೊತ್ತು ಹಿಡಿದುಕೊಂಡ.

"ಗುರುತಿಗೆ ತಂದಿ ಹೆಸರ ಹಾಕೂದು ರೂಢಿ," ಅಂದ.

"ರೂಢಿ ಅದರಿ," ಅಂದರು ಅಕ್ಕೋರು. "ನಿಯಮ ಅದೇನ್ರಿ?"

"ನಿಯಮ ಇಲ್ಲ."

"ಸತ್ಲು ಅಂತ ಎಲ್ಲೂ ಬರದಿಲ್ಲ ನೋಡ್ರಿ ಸರ್," ಅಂದಳು ಚಂಪಾ.

"ನೋಡಿದೆನವ್ವ," ಅಂದ ಗಿರೀಶ. ಸಹಿ ಮಾಡಿದ. ಐವತ್ತಕ್ಕೆ ನಲವತ್ತೆರಡು ಕೊಟ್ಟ. ಎಂಟು ಯಾಕೆ ಕಳೆದೆ ಎಂದು ಕೇಳಿದ್ದಕ್ಕೆ, ಒಂದು ಅಕ್ಷರ ಸೊಟ್ಟ ಇದೆ ಅಂದ.

ಈಗ ಬೇರೆ ಊರಿನ ಶಾಲೆಯವರು ಬಸ್ಸು ಮಾಡಿಕೊಂಡು ನೋಡಲು ಬರುತ್ತಾರೆ. ಕಲ್ಲಿನ ಮೇಲೆ ಚಿತ್ರವಿಲ್ಲ, ಮೂರ್ತಿಯಿಲ್ಲ. ಓದಿ ಮೊದಲು ನಗುತ್ತಾರೆ. ಈ ಯಮನೂರಪ್ಪ ಎಂಥ ದಡ್ಡನಿರಬೇಕು ಎಂದು ನನ್ನ ಎದುರೇ ಅಂದವರಿದ್ದಾರೆ. ಸಿಟ್ಟು ಬರುತ್ತದೆ. ನಾನೇ ಅವನು ಎಂದು ಹೇಳುತ್ತೇನೆ, ನಗು ನಿಲ್ಲುತ್ತದೆ. ಇಳಕಲ್ಲಿನ ಇಬ್ಬರು ನನಗೆ ಕೆಲಸ ಕೊಡುವುದನ್ನು ನಿಲ್ಲಿಸಿದ್ದಾರೆ. ಅದನ್ನೂ ಹೇಳುತ್ತೇನೆ.

ಹೋದ ವಾರ ಬಂದ ಗುಂಪಿನಲ್ಲಿ ಎರಡು ಜಡೆಯ ಸಣ್ಣ ಹುಡುಗಿಯೊಬ್ಬಳಿದ್ದಳು. ಎಲ್ಲರೂ ಬಸ್ಸಿನ ಕಡೆ ನಡೆದ ಮೇಲೂ ಅವಳು ಕಲ್ಲಿನ ಮುಂದೆ ನಿಂತಿದ್ದಳು.

"ಕಾಕಾ, ಕೆಡಿಸಿದೋರು ನೀವ. ಹಂಗಾದ್ರ ಮೊದಲ ಬರದಾರಲ್ಲ, ಈ ಗಂಗವ್ವ ಅನ್ನೋಕಿ ಯಾರು? ಆಕಿ ಹೆಸರ ಯಾಕ ಐತಿ ಇಲ್ಲೆ?"

ಅದನ್ನು ಹೇಳುವುದು ನನ್ನ ಕೆಲಸವಲ್ಲ. ಸೇತುವೆಯ ನೆರಳಿನಲ್ಲಿ ಚಾಪೆ ಹಾಕಿಕೊಂಡು ಕೂತಿದ್ದ ಅವ್ವನ ಕಡೆ ಕೈ ತೋರಿಸಿದೆ. ಅವ್ವ ಆಗಲೇ ಸರಿದು ಚಾಪೆಯ ಮೇಲೆ ಹುಡುಗಿಗೆ ಜಾಗ ಮಾಡುತ್ತಿದ್ದಳು.